ಕಾಲ ತಪ್ಪಿದ ಪ್ರೇಮಕಥೆಗಳಲ್ಲಿ ಯಾವುದಕ್ಕೆ ದುಡ್ಡು ಕೊಡಬಹುದು?

ಪ್ರೇಮಿಗಳು ಬೇರೆ ಬೇರೆ ಕಾಲಕ್ಕೆ ಸಿಕ್ಕಿಬೀಳುವ ಐದು ಇಂಗ್ಲಿಷ್ ಕಾದಂಬರಿಗಳಲ್ಲಿ ಯಾವುದನ್ನು ಕೊಳ್ಳಬಹುದು ಅಂತ ಮೊದಲೇ ಹೇಳಿಬಿಡುತ್ತೇನೆ. ನನ್ನ ವೋಟು ಆಡ್ರಿ ನಿಫೆನೆಗರ್ ಬರೆದ 'ದ ಟೈಮ್ ಟ್ರಾವೆಲರ್ಸ್ ವೈಫ್' ಕಾದಂಬರಿಗೆ. ಅದೂ ಕಾಗದದ ಪುಸ್ತಕಕ್ಕೆ ಮಾತ್ರ, ಇ-ಬುಕ್ಕಿಗೆ ಖಂಡಿತ ಅಲ್ಲ. ಇದನ್ನು ದುಡ್ಡು ಕೊಟ್ಟು ಎರಡು ಸಲ ಕೊಂಡಿದ್ದೇನೆ. ಹಾಗಾಗಿ ಒಂದಿಷ್ಟು ಉದ್ದಕ್ಕೆ ದೂರು ಹೇಳುವ ಹಕ್ಕೂ ನನಗಿದೆ.

ಅಜ್ಜಿಕಥೆ, ವಿಜ್ಞಾನ, ಪ್ರೇಮ ಮೂರನ್ನೂ ಕಲಸಿದ ಇಂಥ ಕಥೆ ನಮಗೇನು ಹೊಸದಲ್ಲ. ಭಾಗವತದಲ್ಲಿ ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ಗಂಡು ಯಾರು ಅಂತ ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಹಾಡು ನಡೀತಿತ್ತು, ಮುಗಿಯುವವರೆಗೆ ಕಾದ. ಅಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗ ಕಳೆದುಹೋಗಿತ್ತು. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಗಂಡುಗಳು ಹೋಗಲಿ, ಅವರ ಮೊಮ್ಮಕ್ಕಳ ಸುದ್ದಿಯೂ ಇಲ್ಲ. ಕೊನೆಗೆ ರೇವತಿ ಬಲರಾಮನ ಕೈ ಹಿಡಿದಳು. ಹಳೇ ಯುಗದ ಹುಡುಗಿ, ಎತ್ತರ ಜಾಸ್ತಿ. ಬಲರಾಮ ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿಕೊಂಡ ಅಂತ ವಿಷ್ಣುಪುರಾಣದಲ್ಲಿದೆ. ಇಷ್ಟೆಲ್ಲ ಆಗುವಾಗ ರೇವತಿಗೆ ಏನನ್ನಿಸಿತು? ಅದನ್ನು ಯಾರೂ ಕೇಳಿದ ಹಾಗಿಲ್ಲ. ಇಂಥ ಕಾದಂಬರಿ ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದೇ ಅದನ್ನು.

ಇನ್ನು ನನ್ನ ಕಟ್ಟುಪಾಡುಗಳು. ಓದುವುದು ಬಸ್ಸಿನಲ್ಲಿ, ಸೀಟು ಸಿಕ್ಕರೆ. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ವಾಕ್ಯಗಳು ಕುಣಿದಾಡಿದರೆ ಸುಸ್ತಾಗುತ್ತದೆ. ಪುಸ್ತಕಕ್ಕೆ 400 ರೂಪಾಯಿ ಮೀರಿಸುವುದಿಲ್ಲ. ಮುಂದಿನ ಭಾಗ ಕೊಂಡರೇನೇ ಕಥೆ ಮುಗಿಯುತ್ತದೆ ಅಂದರೆ ಕೋಪ ಬರುತ್ತದೆ.

ನಿಫೆನೆಗರ್ ಕಾದಂಬರಿ ಬಂದದ್ದು 2003ರಲ್ಲಿ. ಹೆನ್ರಿ ಷಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾನೆ. ಅವನಿಗೆ ಒಂದು ವಂಶವಾಹಿ ಕಾಯಿಲೆ. ಮೂರ್ಛೆ ರೋಗ ಬಂದ ಹಾಗೆ ಇದ್ದಕ್ಕಿದ್ದಂತೆ ಕಾಲದಲ್ಲಿ ಜಾರಿಬಿಡುತ್ತಾನೆ. ಮೆಷೀನಿಲ್ಲ, ಮಂತ್ರವಿಲ್ಲ. ಮೈಮೇಲಿನ ಬಟ್ಟೆ ಜೊತೆಗೆ ಬರುವುದಿಲ್ಲ. ಹೋದ ಕಡೆ ಬರಿಮೈಯಲ್ಲಿ ಬೀಳುತ್ತಾನೆ, ಬಟ್ಟೆ ಕದಿಯುತ್ತಾನೆ, ಓಡುತ್ತಾನೆ, ಒದೆ ತಿನ್ನುತ್ತಾನೆ. ಮಿಷಿಗನ್ನಿನ ಒಂದು ಹುಲ್ಲುಗಾವಲಿನಲ್ಲಿ ಅವನಿಗೆಂದು ಗಂಡಸರ ಬಟ್ಟೆ ತುಂಬಿದ ಡಬ್ಬ ಬಚ್ಚಿಟ್ಟು ಕಾಯುವವಳು ಕ್ಲೇರ್. 1977ರಲ್ಲಿ ಮೊದಲ ಸಲ ನೋಡಿದಾಗ ಅವಳಿಗೆ 6 ವರ್ಷ, ಅವನಿಗೆ 36. ಆಮೇಲೆ 1991ರಲ್ಲಿ ಅವಳು ಲೈಬ್ರರಿಗೆ ಬರುತ್ತಾಳೆ. ಆಗ ಅವಳಿಗೆ 20, ಅವನಿಗೆ 28. ಅವಳ ಪಾಲಿಗೆ ಅವನು ಬಾಲ್ಯದಿಂದ ಕಂಡವನು. ಅವನ ಪಾಲಿಗೆ ಅವಳು ಓದಲು ಬಂದ ಯಾರೋ ಹುಡುಗಿ, 'ಏನು ಪುಸ್ತಕ ಬೇಕಿತ್ತು?' ಅಂತ ಕೇಳಬೇಕಾದವಳು. ಕಾಯುವವಳ ಮನಸ್ಸನ್ನು ಅವಳ ಬಾಯಲ್ಲೇ ಹೇಳಿಸಿದ್ದಾರೆ. ನನಗೆ ಬೇಕಾದದ್ದು ಅದೇ.

ಈಗ ತಕರಾರು. ಇಡೀ ಕಾದಂಬರಿ ನಿಂತಿರುವುದು ತಲೆಬರಹಗಳ ಮೇಲೆ. ಪ್ರತಿ ತುಣುಕಿನ ಮೇಲೂ ತಾರೀಖು, ಪಕ್ಕದಲ್ಲಿ ಕಂಸದೊಳಗೆ ಹೆನ್ರಿಗೆ ಎಷ್ಟು, ಕ್ಲೇರ್‌ಗೆ ಎಷ್ಟು ಅಂತ ವಯಸ್ಸು. ಈ ಮೂರು ಅಂಕಿ ತಲೆಯಲ್ಲಿ ಇಲ್ಲದಿದ್ದರೆ ಯಾವ ಹೆನ್ರಿ ಮಾತಾಡುತ್ತಿದ್ದಾನೆ, ಅವನಿಗೆ ಮುಂದಿನದು ಗೊತ್ತಿದೆಯೋ ಇಲ್ಲವೋ, ಒಂದೂ ತಿಳಿಯುವುದಿಲ್ಲ. ಕೆಲವು ಕಡೆ ಒಂದೇ ಕೋಣೆಯಲ್ಲಿ ಇಬ್ಬರು ಹೆನ್ರಿ ಇರುತ್ತಾರೆ. ಹಾಗಾಗಿ ಹಿಂದಕ್ಕೆ ತಿರುವಿ ನೋಡುತ್ತಲೇ ಇರಬೇಕು. ಕಾಗದದ ಪುಸ್ತಕದಲ್ಲಿ ಇದೊಂದು ಕಷ್ಟವೇ ಅಲ್ಲ. ಹಳೇ ಪುಟದಲ್ಲಿ ಒಂದು ಬೆರಳು, ಹೊಸದರಲ್ಲಿ ಒಂದು ಬೆರಳು.

ನಾನು ಮೊದಲು ಕೊಂಡದ್ದು ಇ-ಬುಕ್, ಫೋನಿನಲ್ಲಿ ಓದಲು. ಅಗ್ಗ, ಬಸ್ಸಿನಲ್ಲಿ ಅನುಕೂಲ, ಅಲ್ವಾ? ಅಕ್ಷರ ದಪ್ಪ ಮಾಡಿಕೊಂಡರೆ ತಲೆಬರಹ ಒಂದು ಪರದೆಯಲ್ಲಿ, ಮಾತು ಶುರುವಾಗುವುದು ಇನ್ನೊಂದರಲ್ಲಿ. ಪರದೆ ಸರಿಸುವ ಆತುರದಲ್ಲಿ ತಾರೀಖು ಓದದೇ ಮುಂದೆ ಹೋಗಿರುತ್ತೇನೆ. ಎರಡು ಪುಟ ಆದಮೇಲೆ 'ಇವನು ಯಾವ ಹೆನ್ರಿ?' ಅಂತ ಅನುಮಾನ. ಹಿಂದಕ್ಕೆ ಹೋಗಿ ನೋಡಿ ವಾಪಸ್ ಬರುವಷ್ಟರಲ್ಲಿ ಯಾರದೋ ಕಾಲ್ ಬಂದು ಜಾಗ ತಪ್ಪಿರುತ್ತದೆ. ಪರಿವಿಡಿ ನೋಡೋಣ ಅಂದರೆ ನನ್ನ ಪ್ರತಿಯಲ್ಲಿ ಅಧ್ಯಾಯದ ಹೆಸರು ಮಾತ್ರ, ತಾರೀಖಿಲ್ಲ. ಸರ್ಚ್ ಮಾಡೋಣ ಅಂತ ಹೆನ್ರಿಯ ವಯಸ್ಸು ಟೈಪ್ ಮಾಡಿದೆ. ಸಾಲುಗಟ್ಟಿ ಉತ್ತರ ಬಂತು. ಒಂದೊಂದೂ ಬೇರೆ ಇಸವಿ, ಬೇರೆ ಊರು. ಹೌದಲ್ಲ, ಒಂದೇ ವಯಸ್ಸಿನಲ್ಲಿ ಅವನು ಹತ್ತು ಕಡೆ ಬಿದ್ದಿರುತ್ತಾನೆ! ಪರದೆಯ ಕೆಳಗೆ ಶೇಕಡಾ ಎಷ್ಟು ಓದಿದ್ದೀರಿ ಅಂತ ತೋರಿಸುವ ಅಂಕಿ ನೋಡಿ ಇನ್ನಷ್ಟು ಸಿಟ್ಟು ಬಂತು.

ಅರ್ಧಕ್ಕೆ ಬಿಟ್ಟು ಸೆಕೆಂಡ್ ಹ್ಯಾಂಡ್ ಪ್ರತಿ ಕೊಂಡೆ. ಅದರ ಹಿಂದಿನ ಖಾಲಿ ಹಾಳೆಯಲ್ಲಿ ಯಾರೋ ಪೆನ್ಸಿಲಿನಲ್ಲಿ ಮೂರು ಕಾಲಂ ಎಳೆದು ಇಸವಿ, ಅವನ ವಯಸ್ಸು, ಅವಳ ವಯಸ್ಸು ಬರೆದಿಟ್ಟಿದ್ದರು. ಅರ್ಧ ಪುಟದಲ್ಲಿ ಪಟ್ಟಿ ನಿಂತುಹೋಗಿತ್ತು, ನಾನು ಮುಂದುವರಿಸಿದೆ. ಅಲ್ಲಿಂದ ಓದು ಸಲೀಸು. ಆದರೆ ಫುಟ್‌ಪಾತಿನಲ್ಲಿ ಸಿಗುವ ನಕಲಿ ಪ್ರತಿಗೆ ಕೈ ಹಾಕಬೇಡಿ. ಶಾಯಿ ಮಸುಕಾದರೆ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ, ಈ ಪುಸ್ತಕದಲ್ಲಿ ಅಷ್ಟು ಸಾಕು ಕಥೆ ಕೆಡಲು.

ಬೇರೆ ಕೊರತೆಗಳೂ ಇವೆ. ಊಟ ತಿಂಡಿ, ಪಂಕ್ ಸಂಗೀತದ ಬ್ಯಾಂಡುಗಳ ವರ್ಣನೆ ಅತಿಯಾಯಿತು. ದೊಡ್ಡ ಗಂಡಸು, ಸಣ್ಣ ಹುಡುಗಿ ಹುಲ್ಲುಗಾವಲಿನಲ್ಲಿ ಭೇಟಿಯಾಗುವುದು ಕೆಲವರಿಗೆ ಹಿಡಿಸುವುದಿಲ್ಲ, ನನಗೂ ಅಲ್ಲಲ್ಲಿ ಮುಜುಗರವಾಯಿತು.

ಎರಡನೇ ಜಾಗ ಆರ್ಸನ್ ಸ್ಕಾಟ್ ಕಾರ್ಡ್ ಬರೆದ 'ಎನ್‌ಚ್ಯಾಂಟ್‌ಮೆಂಟ್'ಗೆ. 1999ರದು. ವಿಜ್ಞಾನ ಬೇಡ, ಅಜ್ಜಿಕಥೆ ಜಾಸ್ತಿ ಇರಲಿ ಅನ್ನುವವರು ಇದನ್ನೇ ಮೊದಲು ಕೊಳ್ಳಿ. ಸೋವಿಯತ್ ಕಾಲದ ಉಕ್ರೇನಿನ ಹುಡುಗ ಇವಾನ್ ಕಾಡಿನಲ್ಲಿ ಮಲಗಿದ ರಾಜಕುಮಾರಿಯನ್ನು ಕಂಡು ಹೆದರಿ ಓಡುತ್ತಾನೆ. ಮನೆಯವರು ಅಮೆರಿಕಕ್ಕೆ ಹೋಗಿ ನೆಲೆಸುತ್ತಾರೆ. ದೊಡ್ಡವನಾಗಿ ಜಾನಪದ ಕಥೆಗಳ ಮೇಲೆ ಸಂಶೋಧನೆ ಮಾಡಲು ವಾಪಸ್ ಬಂದು ಅವಳನ್ನು ಎಬ್ಬಿಸುತ್ತಾನೆ. ಅವಳು ಸಾವಿರ ವರ್ಷಕ್ಕೂ ಹಿಂದಿನವಳು. ಮುತ್ತಿಟ್ಟರೆ ಮುಗೀತು ಅಂದುಕೊಂಡರೆ ಅಲ್ಲಿಂದಲೇ ಫಜೀತಿ ಶುರು. ಅವಳ ಕಾಲಕ್ಕೆ ಕಾಲಿಟ್ಟಾಗ ಇವನ ಮೈಮೇಲೆ ಬಟ್ಟೆಯಿಲ್ಲ. ಮಾನ ಮುಚ್ಚಲು ಅವಳದೇ ಮೇಲುಹೊದಿಕೆ ಸುತ್ತಿಕೊಂಡರೆ ಅವಳಿಗೆ ಅದು ಬೆತ್ತಲೆಗಿಂತ ದೊಡ್ಡ ಅಸಹ್ಯ, ಗಂಡಸು ಹೆಂಗಸಿನ ಬಟ್ಟೆ ಹಾಕುವುದೇ! ಇವನ ಓದು, ಓಟ ಯಾವುದಕ್ಕೂ ಅಲ್ಲಿ ಬೆಲೆಯಿಲ್ಲ. ಕತ್ತಿ ಎತ್ತಲು ಬಾರದವನು ರಾಜಕುಮಾರಿಯ ಗಂಡನೇ ಅಂತ ಜನ ನಗುತ್ತಾರೆ. ಆಮೇಲೆ ಅವಳು ಈ ಕಾಲಕ್ಕೆ ಬಂದಾಗ ಪೇಚಾಟ ಅವಳದು. ರಷ್ಯನ್ ಕಥೆಗಳ ಮಾಟಗಾತಿ ಬಾಬಾ ಯಾಗಾಳ ಕೈಗೆ ನಮ್ಮ ಕಾಲದ ವಿಮಾನವೂ ಸಿಗುತ್ತದೆ, ಅಲ್ಲಿ ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ಇಂಗ್ಲಿಷ್ ಸಲೀಸು, ಕಥೆ ಒಂದೇ ಸಂಪುಟದಲ್ಲಿ ಮುಗಿಯುತ್ತದೆ. ಸೆಕೆಂಡ್ ಹ್ಯಾಂಡಿನಲ್ಲಿ ನನಗೆ ಬೇಗ ಸಿಗಲಿಲ್ಲ, ಅದೊಂದೇ ಬೇಜಾರು.

'ಎ ಲಾಂಗ್, ಲಾಂಗ್ ಸ್ಲೀಪ್' ಆ್ಯನಾ ಶೀಹನ್ ಬರೆದದ್ದು, 2011ರದು. ಮಲಗಿದ ರಾಜಕುಮಾರಿಯನ್ನು ನೇರವಾಗಿ ಭವಿಷ್ಯಕ್ಕೆ ಒಯ್ದಿದ್ದಾರೆ. ದೊಡ್ಡ ಕಂಪನಿಯವರ ಮಗಳು ರೋಸ್ ದೇಹಕ್ಕೆ ವಯಸ್ಸಾಗದಂತೆ ತಡೆದಿಡುವ ಕೊಳವೆಯಲ್ಲಿ 62 ವರ್ಷ ಮಲಗಿ ಏಳುತ್ತಾಳೆ. ಏಳುವಷ್ಟರಲ್ಲಿ ಅಪ್ಪ ಅಮ್ಮ ಇಲ್ಲ, ಪ್ರೀತಿಸಿದ ಹುಡುಗ ಜೇವಿಯರ್ ಇಲ್ಲ. ಅವಳ ನಿದ್ದೆಯ ಹಿಂದಿನ ಕಾರಣ ತಿಳಿದಾಗ ನನಗೆ ಆ ಅಪ್ಪ ಅಮ್ಮನನ್ನು ಹೊಡೆಯಬೇಕು ಅನ್ನಿಸಿತು. ಬೆನ್ನಟ್ಟುವ ಕೊಲೆಗಾರನ ಭಾಗ ಸಪ್ಪೆ. ಹೈಸ್ಕೂಲು ಮಕ್ಕಳಿಗೂ ಕೊಡಬಹುದು.

ಡಯಾನಾ ಗ್ಯಾಬಲ್ಡನ್ ಬರೆದ 'ಔಟ್‌ಲ್ಯಾಂಡರ್' ಎಲ್ಲರೂ ಹೊಗಳುವ ಪುಸ್ತಕ. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್ (ಇಲ್ಲೂ ಕ್ಲೇರ್!) ಸ್ಕಾಟ್ಲೆಂಡಿನಲ್ಲಿ ನೆಟ್ಟಗೆ ನಿಲ್ಲಿಸಿದ ಪುರಾತನ ಕಲ್ಲುಗಳ ನಡುವಿಂದ 1743ಕ್ಕೆ ಬೀಳುತ್ತಾಳೆ. ಇತ್ತ ಗಂಡ, ಅತ್ತ ಜೇಮಿ. ಗಾಯ ಕಟ್ಟುವ, ಔಷಧಿ ಗಿಡ ಹುಡುಕುವ ಭಾಗಗಳು ಚೆನ್ನಾಗಿವೆ. ಆದರೆ 1991ರಲ್ಲಿ ಶುರುವಾದ ಸರಣಿ 2021ರ ಹೊತ್ತಿಗೆ 9 ದಪ್ಪ ದಪ್ಪ ಪುಸ್ತಕವಾಗಿದೆ. ಒಂದನ್ನೇ ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಬಸ್ಸಿನ ಕಂಬಿ ಹಿಡಿದು ನೋಡಿ, ಮಣಿಕಟ್ಟು ಹೇಳುತ್ತದೆ. ಹೊಡೆತ, ಹಿಂಸೆಯೂ ಜಾಸ್ತಿ.

ಅಮಲ್ ಎಲ್-ಮೊಹ್ತಾರ್ ಮತ್ತು ಮ್ಯಾಕ್ಸ್ ಗ್ಲ್ಯಾಡ್‌ಸ್ಟನ್ ಜೊತೆಯಾಗಿ ಬರೆದ 'ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್' ಇದಕ್ಕೆ ಪೂರ್ತಿ ಉಲ್ಟಾ. 2019ರದು, ತೆಳ್ಳಗಿದೆ, ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಬಂದಿದೆ. 2023ರಲ್ಲಿ ಒಬ್ಬ ಅಭಿಮಾನಿಯ ಟ್ವೀಟಿನಿಂದ ಮತ್ತೆ ಬಿಸಿ ದೋಸೆಯಂತೆ ಮಾರಾಟವಾಯಿತು. ಕಾಲದ ಎಳೆಗಳನ್ನು ತಿದ್ದುವ ಎರಡು ಶತ್ರು ಪಾಳೆಯಗಳ ಗೂಢಚಾರಿಣಿಯರು, ರೆಡ್ ಮತ್ತು ಬ್ಲೂ, ಒಬ್ಬರಿಗೊಬ್ಬರು ಕಾಗದ ಬರೆಯುತ್ತಾರೆ. ಒಂದು ಕಾಗದ ಮರದ ಕಾಂಡದೊಳಗಿನ ಉಂಗುರಗಳಲ್ಲಿ ಬರೆದಿರುತ್ತದೆ, ಓದಬೇಕಾದರೆ ಮರ ಕಡಿಯಬೇಕು. ಕಲ್ಪನೆಗೆ ಕೈ ಮುಗಿಯಬೇಕು. ಆದರೆ ಇಂಗ್ಲಿಷ್ ಪ್ರತಿ ಸಾಲಿನಲ್ಲೂ ಕುಣಿಯುತ್ತದೆ. ಬಸ್ಸಿನಲ್ಲಿ ಒಂದೇ ಪುಟ ಮೂರು ಸಲ ಓದಿ ಕಿಟಕಿ ನೋಡುತ್ತಾ ಕೂತೆ. ಇದನ್ನು ಮಾತ್ರ ಆಡಿಯೋಬುಕ್ಕಿನಲ್ಲಿ ಕೇಳಿ. ಓದುವವರು ಇಬ್ಬರು, ರೆಡ್ ಯಾರು ಬ್ಲೂ ಯಾರು ಅನ್ನುವ ಗೊಂದಲ ಇರುವುದಿಲ್ಲ.

400 ರೂಪಾಯಿಯಲ್ಲಿ ಒಂದೇ ಪುಸ್ತಕ ಅನ್ನುವವರಿಗೆ ನಿಫೆನೆಗರ್, ಹಳೇ ಪ್ರತಿ, ಜೊತೆಗೊಂದು ಪೆನ್ಸಿಲ್. ರಾತ್ರಿ ಮನೆಯಲ್ಲಿ ಕೂತು ಓದುವವರು, ಡಿಕ್ಷನರಿ ಪಕ್ಕದಲ್ಲಿಟ್ಟುಕೊಳ್ಳಲು ಬೇಸರವಿಲ್ಲದವರು 'ಟೈಮ್ ವಾರ್'ಗೆ ಹೋಗಬಹುದು. ಧಾರಾವಾಹಿ ಮುಗಿದರೆ ಬೇಜಾರಾಗುವವರಿಗೆ 'ಔಟ್‌ಲ್ಯಾಂಡರ್' ವರ್ಷಗಟ್ಟಲೆ ಸಾಕು. ನನ್ನ ಪ್ರತಿ ಬೇಕಿದ್ದರೆ 200ಕ್ಕೆ ಕೊಡುತ್ತೇನೆ. ಬೆನ್ನಿನಲ್ಲಿ ಒಂದು ಮಡಿಕೆಯೂ ಬಿದ್ದಿಲ್ಲ.