ಸಿ-ಫಾಸ್ ನೋಡಲು ಯಾವುದು ಮೇಲು: ಪಿಸಿಆರೋ, ಡಿಎಬಿಯ ಕಂದೋ, ಪ್ರತಿದೀಪ್ತಿಯ ಹೊಳಪೋ?

ಶಿವಮೊಗ್ಗದ ಆಸುಪಾಸಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕಳೆದ ಮೂರು ಮಳೆಗಾಲಗಳಲ್ಲಿ ನಾನು ಇಲಿಯ ಮಿದುಳಿನಲ್ಲಿ ಸಿ-ಫಾಸ್ ಜೀನ್ ಎಲ್ಲಿ, ಎಷ್ಟು ಎಚ್ಚೆತ್ತಿತೆಂದು ನೋಡಲು ಮೂರು ವಿಧಾನಗಳನ್ನು ಬಳಸಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಇಳಿಯುವ ವಿದ್ಯಾರ್ಥಿಗಳು ಯಾವುದರಿಂದ ಶುರು ಮಾಡಬೇಕೆಂದು ಮತ್ತೆ ಮತ್ತೆ ಕೇಳುವುದರಿಂದ ನನ್ನ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಕೋಶಕ್ಕೆ ಪ್ರಚೋದನೆ ತಲುಪಿದೊಡನೆ, ಹೊಸ ಪ್ರೋಟೀನಿನ ತಯಾರಿಗೆ ಕಾಯದೆ ನಿಮಿಷಗಳಲ್ಲಿ ಚುರುಕಾಗುವ ಜೀನ್‌ಗಳಿಗೆ ಇಮ್ಮೀಡಿಯೆಟ್ ಅರ್ಲಿ ಜೀನ್‌ಗಳೆಂದು ಹೆಸರು. ಸಿ-ಫಾಸ್ ಅವುಗಳಲ್ಲಿ ಅತ್ಯಂತ ಪರಿಚಿತವಾದುದು. ಕೋಶವನ್ನು ಬೆಳೆಯಲು ಪ್ರೇರೇಪಿಸುವ ಬೆಳವಣಿಗೆಯ ಅಂಶಗಳನ್ನು ಕೊಟ್ಟಾಗ ಅದು ಕೆಲವೇ ನಿಮಿಷಗಳಲ್ಲಿ ಏಳುತ್ತದೆಂದು 1984ರಲ್ಲಿ ವಿಜ್ಞಾನಿಗಳಾದ ಗ್ರೀನ್‌ಬರ್ಗ್ ಮತ್ತು ಜಿಫ್ ತೋರಿಸಿದರು. 1987ರ ಹೊತ್ತಿಗೆ ನರಕೋಶಗಳ ಚಟುವಟಿಕೆಯ ಗುರುತಾಗಿ ಅದರ ಬಳಕೆ ಆರಂಭವಾಯಿತು. ಪ್ರೋಟೀನು ತಯಾರಿಸಲು ಜೀನಿನ ಸಂದೇಶವನ್ನು ಒಯ್ಯುವ ಎಂಆರ್‌ಎನ್‌ಎ ಸುಮಾರು 30 ನಿಮಿಷಕ್ಕೆ, ಪ್ರೋಟೀನು 60ರಿಂದ 120 ನಿಮಿಷದೊಳಗೆ ಶಿಖರ ಮುಟ್ಟುತ್ತದೆ. ವಿಧಾನದ ಆಯ್ಕೆಯೆಂದರೆ ಮೊದಲು ಈ ಎರಡು ಗಡಿಯಾರಗಳಲ್ಲಿ ಯಾವುದನ್ನು ನಂಬುತ್ತೀರಿ ಎಂಬುದೇ.

ನಾನು ಶುರು ಮಾಡಿದ್ದು ಕ್ಯೂಪಿಸಿಆರ್‌ನಿಂದ, ಅಂದರೆ ಅರೆದ ಅಂಗಾಂಶದಲ್ಲಿ ಒಂದು ಜೀನಿನ ಎಂಆರ್‌ಎನ್‌ಎ ಎಷ್ಟಿದೆಯೆಂದು ಅಳೆಯುವ ಪಿಸಿಆರ್‌ನಿಂದ. ಇಲಿಯನ್ನು ಹೊಸ ಪೆಟ್ಟಿಗೆಯಲ್ಲಿ ಬಿಟ್ಟು, 30 ನಿಮಿಷಕ್ಕೆ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಭಾಗವಾದ ಹಿಪ್ಪೋಕ್ಯಾಂಪಸ್ ತೆಗೆದು ಮಂಜುಗಡ್ಡೆಯ ಮೇಲಿಟ್ಟರೆ ಸಂಜೆಯೊಳಗೆ ಅಂಕಿ ಕೈಗೆ ಬರುತ್ತದೆ. ವೇಗದಲ್ಲಿ ಇದಕ್ಕೆ ಸಮನಿಲ್ಲ. ಆದರೆ ಹಿಪ್ಪೋಕ್ಯಾಂಪಸ್‌ನದೇ ಭಾಗವಾದ ಡೆಂಟೇಟ್ ಗೈರಸ್‌ನಲ್ಲಿ ಒಂದು ಅನುಭವಕ್ಕೆ ಸ್ಪಂದಿಸುವ ಕೋಶಗಳು ನೂರರಲ್ಲಿ ಬೆರಳೆಣಿಕೆಯಷ್ಟು. ಇಡೀ ಅಂಗಾಂಶವನ್ನು ಅರೆದು ಅವುಗಳನ್ನು ಹುಡುಕುವುದು, ಅಕ್ಕಿಯನ್ನು ರುಬ್ಬಿದ ಮೇಲೆ ಅದರಲ್ಲಿ ಕಲ್ಲೆಷ್ಟಿತ್ತೆಂದು ಕೇಳಿದಂತೆ. ಸಿ-ಫಾಸ್‌ನ ಎಂಆರ್‌ಎನ್‌ಎ ಬೇಗ ನಶಿಸುವಂಥದ್ದು ಬೇರೆ; ಕೊಠಡಿಯಿಂದ ಕೊಠಡಿಗೆ ಹೋಗುವಷ್ಟರಲ್ಲಿ ಆದ ತಡವೂ ಅಂಕಿಯಲ್ಲಿ ಕಾಣಿಸಿಕೊಂಡಿತು.

ಎರಡನೆಯದಾದ ಡಿಎಬಿ ವಿಧಾನದಲ್ಲಿಯೇ ನಾನು ಹೆಚ್ಚು ಕಾಲ ಕಳೆದದ್ದು. ಪೆರಾಕ್ಸಿಡೇಸ್ ಎಂಬ ಕಿಣ್ವ ಇರುವಲ್ಲಿ ಕಂದಾಗುವ ರಾಸಾಯನಿಕವೇ ಡಿಎಬಿ. 90 ನಿಮಿಷಕ್ಕೆ ಮಿದುಳನ್ನು ತೆಗೆದು, 40 ಮೈಕ್ರೋಮೀಟರ್ ದಪ್ಪದ ಪದರಗಳನ್ನು ಬಟ್ಟಲಿನಲ್ಲಿ ತೇಲಿಬಿಟ್ಟು, ಸಿ-ಫಾಸ್ ಪ್ರೋಟೀನಿಗೆ ಅಂಟಿಕೊಳ್ಳುವ ಪ್ರತಿಕಾಯದೊಂದಿಗೆ ಇಟ್ಟು, ಕೊನೆಗೆ ಡಿಎಬಿ ಹಾಕಿದಾಗ ಸಿ-ಫಾಸ್ ಇರುವ ಕೋಶಕೇಂದ್ರಗಳು ದುಂಡನೆಯ ಕಂದು ಚುಕ್ಕೆಗಳಾಗಿ ಮೂಡುತ್ತವೆ. ನಿಕ್ಕಲ್ ಬೆರೆಸಿದರೆ ಕಪ್ಪಾಗುತ್ತವೆ. ಬಣ್ಣವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಗಡಿಯಾರ ಹೇಳುವುದಿಲ್ಲ, ಸೂಕ್ಷ್ಮದರ್ಶಕದಡಿ ಕಣ್ಣೇ ಹೇಳಬೇಕು: ಎರಡು ನಿಮಿಷ ಮೀರಿದ್ದಕ್ಕೆ ನನ್ನ ಮೊದಲ ತಂಡದ ಪದರಗಳೆಲ್ಲ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದ್ದವು. ರಕ್ತವನ್ನು ಪೂರ್ತಿ ತೊಳೆಯದಿದ್ದರೆ ರಕ್ತಕಣಗಳ ಪೆರಾಕ್ಸಿಡೇಸ್‌ನಿಂದ ರಕ್ತನಾಳಗಳೂ ಕಂದಾಗುತ್ತವೆ; ಅದಕ್ಕೇ ಮೊದಲು ಹೈಡ್ರೋಜನ್ ಪೆರಾಕ್ಸೈಡ್ ಕೊಡುವುದು. ಡಿಎಬಿ ಕ್ಯಾನ್ಸರ್‌ಕಾರಕವೆಂಬ ಶಂಕೆಯಿರುವುದರಿಂದ ಕೈಗವಸು ಬೇಕೇ ಬೇಕು. ಬಣ್ಣದ ಗಾಢತೆಯನ್ನು ಪ್ರೋಟೀನಿನ ಪ್ರಮಾಣವೆಂದು ಓದಬಾರದು, ಚುಕ್ಕೆಗಳನ್ನು ಮಾತ್ರ ಎಣಿಸಬೇಕು. ಇಷ್ಟೆಲ್ಲ ತಕರಾರುಗಳಿದ್ದರೂ ಮೊದಲ ವರ್ಷದ ಸ್ಲೈಡುಗಳು ಇಂದಿಗೂ ಹಾಗೆಯೇ ಇವೆ. ಅವುಗಳನ್ನು ನೋಡಲು ಸಾಮಾನ್ಯ ಸೂಕ್ಷ್ಮದರ್ಶಕ ಸಾಕು, ಕರೆಂಟು ಹೋದರೆ ಬಂದ ಮೇಲೆ ನೋಡಿದರಾಯಿತು.

ಕಂದು ಚುಕ್ಕೆಯ ಬದಲು ಹೊಳೆಯುವ ಬಣ್ಣಗಳಿಂದ ಗುರುತಿಸುವ ಪ್ರತಿದೀಪ್ತಿ ವಿಧಾನದ ಚಿತ್ರಗಳ ಚೆಲುವಿನ ಮುಂದೆ ಇವೆರಡೂ ಸಪ್ಪೆ. ಚುರುಕಾದ ಕೋಶ ಯಾವ ಬಗೆಯದು, ಪಾರ್ವಾಲ್ಬುಮಿನ್ ಎಂಬ ಪ್ರೋಟೀನು ಇರುವ, ಬೇರೆ ನರಕೋಶಗಳನ್ನು ತಡೆಯುವ ತಡೆಕೋಶವೇ ಅಲ್ಲವೇ ಎಂಬ ಪ್ರಶ್ನೆಗೆ ಎರಡು ಬಣ್ಣಗಳು ಒಂದೇ ಕೋಶದಲ್ಲಿ ಕೂಡಿದಾಗಲೇ ಉತ್ತರ. ನಮ್ಮಲ್ಲಿ ಇದಕ್ಕೆ ಬೇಕಾದ ಕಾನ್ಫೋಕಲ್ ಸೂಕ್ಷ್ಮದರ್ಶಕ ಇಲ್ಲದ್ದರಿಂದ ಸ್ಲೈಡುಗಳನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದೆ. ಹೊಳಪು ನೋಡನೋಡುತ್ತಲೇ ಮಂಕಾಗುತ್ತದೆ. ವಯಸ್ಸಾದ ಇಲಿಗಳಲ್ಲಿ ಕೋಶಗಳಲ್ಲಿ ಶೇಖರವಾಗುವ ಲಿಪೋಫುಸಿನ್ ಎಂಬ ವರ್ಣದ್ರವ್ಯ ತಾನಾಗಿಯೇ ಹೊಳೆದು ದಾರಿ ತಪ್ಪಿಸುತ್ತದೆ. ಕೋಶದ ಬಗೆ ತಿಳಿಯಲೇಬೇಕಾದಾಗ ಮಾತ್ರ ಈ ಪ್ರಯಾಸ ಸಾರ್ಥಕ.

ಯಾವ ಬಣ್ಣವಾದರೂ ಪ್ರತಿಕಾಯದ ವಿಚಾರದಲ್ಲಿ ಎಚ್ಚರ ಬೇಕು. ಸಿ-ಫಾಸ್ ಮತ್ತು ಅದರ ಸಂಬಂಧಿ ಪ್ರೋಟೀನುಗಳ, ಅಂದರೆ ಫಾಸ್ ಕುಟುಂಬದ, ಎಲ್ಲ ಸದಸ್ಯರನ್ನೂ ಹಿಡಿಯುವ ಪ್ರತಿಕಾಯವೊಂದು ಅಗ್ಗಕ್ಕೆ ಸಿಕ್ಕಿತೆಂದು ಕೊಂಡೆ. ಮಾದಕ ವಸ್ತು ಅಥವಾ ಒತ್ತಡ ಪದೇ ಪದೇ ಎದುರಾದಾಗ ಶೇಖರವಾಗುವ ಡೆಲ್ಟಾಫಾಸ್‌ಬಿ ಎಂಬ ಪ್ರೋಟೀನು ವಾರಗಟ್ಟಲೆ ಉಳಿಯುವಂಥದ್ದು. ಚಟದ ಅಧ್ಯಯನದಲ್ಲಿ ಅದಕ್ಕೆ ದೊಡ್ಡ ಸ್ಥಾನವಿರುವುದೂ ಈ ಕಾರಣಕ್ಕೇ. ಈ ಪ್ರತಿಕಾಯಕ್ಕೆ ಇಂದಿನ ಸಿ-ಫಾಸೂ ಒಂದೇ, ಹಳೆಯ ಡೆಲ್ಟಾಫಾಸ್‌ಬಿಯೂ ಒಂದೇ. ಹಣ ಹೋದರೂ ಪಾಠ ಉಳಿಯಿತು.

ಮೂಳೆಯ ಮೇಲೆ ಕೆಲಸ ಮಾಡುವವರು, ಡಿಎಬಿಯನ್ನು ಮೊದಲಿಡುವ ನನ್ನ ಶ್ರೇಣಿಯನ್ನು ತಲೆಕೆಳಗು ಮಾಡಿದರೆ ತಪ್ಪಿಲ್ಲ. ಈ ಜೀನಿನ ಹೆಸರು ಬಂದದ್ದೇ ಇಲಿಗಳಲ್ಲಿ ಮೂಳೆಗೆಡ್ಡೆ ತರುವ ವೈರಸ್ಸಿನಿಂದ. 1992ರಲ್ಲಿ ಈ ಜೀನನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿದಾಗ, ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳೇ ಇಲ್ಲದೆ ಮೂಳೆಗಳು ಕಲ್ಲಿನಂತೆ ದಟ್ಟವಾದವು. ಅಲ್ಲಿ ಯಾವ ಕ್ಷಣಕ್ಕೆ ಎದ್ದಿತೆಂಬುದಕ್ಕಿಂತ ಎಷ್ಟು, ಎಷ್ಟು ದಿನ ಎಂಬ ಪ್ರಶ್ನೆ ಮುಖ್ಯವಾಗುವುದರಿಂದ ಕ್ಯೂಪಿಸಿಆರ್‌ಗೆ ಬೆಲೆ ಹೆಚ್ಚು.

ನಾನು ಮಾತ್ರ ಡಿಎಬಿಯ ಪಕ್ಷ ಹಿಡಿದದ್ದು ಒಂದು ಜುಲೈ ಮಧ್ಯಾಹ್ನದಿಂದ. ಪಂಜರ ಬಿಟ್ಟು ಕದಲದ ಹೋಲಿಕೆಯ ಇಲಿಗಳಲ್ಲಿ ಹಿಪ್ಪೋಕ್ಯಾಂಪಸ್ ಬಹುಮಟ್ಟಿಗೆ ಖಾಲಿಯಿರಬೇಕಿತ್ತು, ಖಾಲಿಯೇ ಇತ್ತು. ಆದರೆ ಅದೇ ಪದರಗಳ ಸಾಲಿನಲ್ಲಿ, ಶ್ರವಣದ ದಾರಿಯ ಇನ್ಫೀರಿಯರ್ ಕೊಲಿಕ್ಯುಲಸ್‌ನಲ್ಲಿಯೂ ಒತ್ತಡಕ್ಕೆ ಸ್ಪಂದಿಸುವ ಹೈಪೋಥಲಾಮಸ್‌ನಲ್ಲಿಯೂ ಕಪ್ಪು ಚುಕ್ಕೆಗಳು ಕಿಕ್ಕಿರಿದಿದ್ದವು. ದಿನಚರಿ ತಿರುವಿ ನೋಡಿದರೆ, ಮಿದುಳು ತೆಗೆಯುವುದಕ್ಕೆ ಒಂದೂವರೆ ಗಂಟೆ ಮೊದಲು ಪ್ರಾಣಿಗೃಹದ ತಗಡಿನ ಛಾವಣಿಯ ಮೇಲೆ ಜಡಿಮಳೆ ಸುರಿದಿತ್ತು. ಹಿಪ್ಪೋಕ್ಯಾಂಪಸ್ ಒಂದನ್ನೇ ಅರೆಯುವ ಕ್ಯೂಪಿಸಿಆರ್‌ನಲ್ಲಿ ಇದು ಕಾಣುತ್ತಿರಲೇ ಇಲ್ಲ. ಆ ದಿನದ ಇಲಿಗಳನ್ನು ಲೆಕ್ಕದಿಂದ ಬಿಟ್ಟೆ. ಈಗ ಪ್ರಯೋಗಗಳನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಂಡು, ಮಳೆಗಾಲವನ್ನು ಚುಕ್ಕೆ ಎಣಿಸುವುದಕ್ಕೆ ಬಿಟ್ಟಿದ್ದೇನೆ.