ಕಚ್ಚಿದ ಗಾಯವನ್ನು ಹೊಲಿಸಬೇಕೆ, ತೆರೆದಿಡಬೇಕೆ

ನಮ್ಮ ಮನೆಯ ನಾಯಿ ಕರಿಯನಿಗೆ ಹದಿನಾಲ್ಕು ತಿಂಗಳ ಅಂತರದಲ್ಲಿ ಎರಡು ಸಲ ಬೀದಿನಾಯಿಗಳು ಕಚ್ಚಿದವು. ಮೊದಲ ಸಲ ಭುಜಕ್ಕೆ ಬಿದ್ದ ಗಾಯವನ್ನು ಅಂದೇ ಹೊಲಿಸಿದೆವು, ಎರಡನೆಯ ಸಲ ತೊಡೆಗೆ ಬಿದ್ದ ಗಾಯವನ್ನು ತೆರೆದಿಟ್ಟು ಮಾಯಿಸಿದೆವು. ಎರಡೂ ಸಲ ಕೈಗವಸು ಹಾಕಿಕೊಂಡು, ನಲ್ಲಿಯ ನೀರು ಹರಿಯುತ್ತಿರುವಂತೆಯೇ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆವು. ವಾರ್ಷಿಕ ಲಸಿಕೆ ಆಗಿದ್ದರೂ ರೇಬೀಸ್ ಚುಚ್ಚುಮದ್ದನ್ನು ತಡಮಾಡದೆ ಮತ್ತೆ ಹಾಕಿಸಿದೆವು. ಈ ಎರಡು ಕೆಲಸಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇಲ್ಲ.

ಭುಜದ ಮೇಲೆ ಕಾಣುತ್ತಿದ್ದುದು ಬಟಾಣಿ ಗಾತ್ರದ ಎರಡು ತೂತುಗಳು ಮಾತ್ರ. ಚಿಕಿತ್ಸಾಲಯದಲ್ಲಿ ಮೇಲಿನಿಂದ ಒರೆಸಿ ನಾಲ್ಕು ಹೊಲಿಗೆ ಹಾಕಿ ಕಳುಹಿಸಿದರು. ಅಷ್ಟು ಅಚ್ಚುಕಟ್ಟಾಗಿ ಮುಚ್ಚಿದ್ದನ್ನು ಕಂಡು ನಮಗೂ ಸಮಾಧಾನವಾಗಿತ್ತು. ಮೂರನೆಯ ದಿನ ಆ ಜಾಗ ಊದಿಕೊಂಡು, ಕೈಯಿಟ್ಟರೆ ಬಿಸಿ ತಗಲುತ್ತಿತ್ತು. ಜ್ವರ 104 ಡಿಗ್ರಿಗೆ ಏರಿತ್ತು. ಐದನೆಯ ದಿನ ಹೊಲಿಗೆಯ ಸಂದಿಯಿಂದ ಕೀವು ಒಸರಿತು. ನಾಯಿಯ ಕೋರೆಹಲ್ಲು ಚರ್ಮದಲ್ಲಿ ಸಣ್ಣ ತೂತು ಮಾಡಿದರೂ, ಹಿಡಿದು ಜಗ್ಗಾಡಿದಾಗ ಒಳಗಿನ ಮಾಂಸವನ್ನು ಚರ್ಮದಿಂದ ಬೇರ್ಪಡಿಸಿಬಿಡುತ್ತದೆ. ಆ ಪೊಳ್ಳಿನಲ್ಲಿ ಬಾಯಿಯ ರೋಗಾಣುಗಳೂ ಕೂದಲೂ ಉಳಿದಿರುವಾಗ ಗಾಯದ ಬಾಯಿಯನ್ನು ಮುಚ್ಚಿದರೆ ಕೀವಿಗೆ ಹೊರಬರಲು ದಾರಿಯೇ ಇರುವುದಿಲ್ಲ. ಅರಿವಳಿಕೆ ಕೊಟ್ಟು ಹೊಲಿಗೆಗಳನ್ನು ಮತ್ತೆ ಬಿಡಿಸಬೇಕಾಯಿತು.

ಎರಡನೆಯ ಸಲ ಬೇರೊಬ್ಬ ವೈದ್ಯರು ಗಾಯದ ಸುತ್ತ ಅಂಗೈ ಅಗಲ ಕೂದಲು ತೆಗೆದು, ಒಳಗೆ ಎಷ್ಟು ದೂರ ಹರಿದಿದೆಯೆಂದು ನೋಡಿ, ಸಲೈನ್‌ನಿಂದ ಹಲವು ಬಾರಿ ರಭಸವಾಗಿ ತೊಳೆದು, ಕೆಳಗಿನ ತುದಿಯಲ್ಲಿ ಒಳಗಿನ ದ್ರವ ಹೊರಹರಿಯಲು ಒಂದು ಸಣ್ಣ ರಬ್ಬರ್ ಕೊಳವೆ, ಅಂದರೆ ಡ್ರೇನ್, ಇಟ್ಟರು. ನಾಲ್ಕನೆಯ ದಿನ ಅದನ್ನು ತೆಗೆದರು. ನೋಡಲು ಭಯವಾಗುವಂತಿದ್ದ ಆ ಗಾಯದ ತಳದಲ್ಲಿ ವಾರದೊಳಗೆ ದಾಳಿಂಬೆ ಕಾಳಿನ ಬಣ್ಣದ ಹೊಸ ಮಾಂಸ ತುಂಬತೊಡಗಿತು. ಮೂರು ವಾರಗಳಲ್ಲಿ ಅಂಚುಗಳು ಕೂಡಿಕೊಂಡವು. ಜ್ವರ ಒಂದು ದಿನವೂ ಬರಲಿಲ್ಲ. ಆಳವಾಗಿ ಕಚ್ಚಿದ ಗಾಯಕ್ಕೆ ನಾನು ಇನ್ನು ಮುಂದೆ ಇದನ್ನೇ ಕೇಳಿಕೊಳ್ಳುತ್ತೇನೆ. ಪೂರ್ತಿ ಶುಚಿ ಮಾಡಲು ಸಾಧ್ಯವಾದ ಹೊಸ ಗಾಯವನ್ನು, ವಿಶೇಷವಾಗಿ ಮುಖದ ಮೇಲಿನದನ್ನು, ವೈದ್ಯರು ಹೊಲಿಯುವುದುಂಟು. ಎದೆ, ಹೊಟ್ಟೆಗಳಿಗೆ ಕಚ್ಚಿದ್ದರೆ ಒಳಗಿನ ಅಂಗಗಳಿಗೆ ಪೆಟ್ಟಾಗಿದೆಯೇ ಎಂಬುದೇ ಮೊದಲ ಪ್ರಶ್ನೆ.

ತೆರೆದಿಟ್ಟ ಗಾಯಕ್ಕೆ ದುಡಿಮೆ ಹೆಚ್ಚು. ಡ್ರೇನ್ ಇದ್ದಷ್ಟು ದಿನ ಕೆಂಪು ನೀರು ತೊಟ್ಟಿಕ್ಕುತ್ತಿದ್ದುದರಿಂದ ಕರಿಯನ ಹಾಸಿಗೆಯನ್ನು ದಿನಕ್ಕೆರಡು ಸಲ ಬದಲಿಸಿದೆವು. ಮಳೆಗಾಲವಾದ್ದರಿಂದ ನೊಣಗಳ ಭಯ ಎಲ್ಲಕ್ಕಿಂತ ದೊಡ್ಡದಾಗಿತ್ತು, ಏಕೆಂದರೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದಲ್ಲೇ ಹುಳು ಬೀಳಬಹುದು. ಅವನನ್ನು ಸೊಳ್ಳೆಪರದೆಯೊಳಗೆ ಮಲಗಿಸಿ, ಗಾಯದ ಸುತ್ತ ವೈದ್ಯರು ಬರೆದುಕೊಟ್ಟ ನೊಣ ಓಡಿಸುವ ಸ್ಪ್ರೇ ಹೊಡೆಯುತ್ತಿದ್ದೆವು. ದಿನಕ್ಕೆರಡು ಬಾರಿ ಹೀಗೆ ನೋಡಿಕೊಳ್ಳುವವರು ಮನೆಯಲ್ಲಿಲ್ಲದಿದ್ದರೆ ಆಸ್ಪತ್ರೆಯಲ್ಲೇ ಡ್ರೆಸ್ಸಿಂಗ್ ಮಾಡಿಸುವುದು ಮೇಲು.

ತೊಳೆಯುವ ದ್ರವಗಳಲ್ಲಿ ಮೊದಲ ಸಲ ಹೈಡ್ರೋಜನ್ ಪೆರಾಕ್ಸೈಡ್ ಬಳಸಿದ್ದೆ. ನೊರೆ ಏಳುವುದನ್ನು ಕಂಡಾಗ ಕೊಳೆಯೆಲ್ಲ ಹೋಯಿತೆನಿಸುತ್ತದೆ, ಆದರೆ ಅದು ಹೊಸದಾಗಿ ಬೆಳೆಯುವ ಜೀವಕೋಶಗಳನ್ನೂ ಸುಡುತ್ತದೆ. ಎರಡನೆಯ ಸಲ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ ಸಿರಿಂಜ್‌ನಿಂದ ಹಾಯಿಸಿದೆ; ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾದ ಬಣ್ಣಕ್ಕೆ ಬರುವವರೆಗೆ ನೀರು ಬೆರೆಸಿಯೇ ಬಳಸಿದೆ. ಅಮ್ಮ ಪ್ರೀತಿಯಿಂದ ಅರೆದು ತಂದ ಅರಿಶಿನವನ್ನು ಮಾತ್ರ ಬೇಡವೆಂದೆ, ಏಕೆಂದರೆ ಅದು ಒಣಗಿ ಗಾಯದ ಬಾಯಿಗೆ ಬಿರಡೆಯಂತೆ ಕೂರುತ್ತದೆ. ನೋವಿಗೆ ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ಗಳನ್ನು ವೈದ್ಯರನ್ನು ಕೇಳದೆ ಕೊಡಲೇಬಾರದು. ಬೆಕ್ಕಿಗಂತೂ ಒಂದೇ ಪ್ಯಾರಾಸಿಟಮಾಲ್ ಮಾತ್ರೆ ಪ್ರಾಣಕ್ಕೆ ಕುತ್ತು.

ನೆಕ್ಕದಂತೆ ತಡೆಯಲು ಭುಜದ ಗಾಯಕ್ಕೆ ನನ್ನ ಹಳೆಯ ಹತ್ತಿ ಬನಿಯನ್ನೇ ಸಾಕಾಗಿತ್ತು, ಅವನಿಗೂ ಅದು ಹಿತವಾಗಿತ್ತು. ತೊಡೆಗೆ ಅದು ನಿಲ್ಲಲಿಲ್ಲ. ಕುತ್ತಿಗೆಯ ಸುತ್ತ ಪ್ಲಾಸ್ಟಿಕ್ ಕೋನ್ ಕಟ್ಟಲೇಬೇಕಾಯಿತು. ಕೋನ್ ಬಟ್ಟಲಿಗೆ ತಗುಲಿ ಎರಡು ದಿನ ಅವನು ಸರಿಯಾಗಿ ನೀರು ಕುಡಿಯಲಿಲ್ಲ. ಆಮೇಲೆ ಅಗಲವಾದ ತಟ್ಟೆಯೊಂದನ್ನು ಇಟ್ಟಿಗೆಯ ಮೇಲಿಟ್ಟು ನೀರು ಹಾಕಿದಾಗ, ಕೋನ್ ತಟ್ಟೆಯ ಆಚೀಚೆ ಇಳಿದು, ಒಂದೇ ಉಸಿರಿಗೆ ಅದನ್ನು ಖಾಲಿ ಮಾಡಿದ.