ಪೆಂಟ್ಯಾಕ್ಸ್ ಕೆ1000: ಫಿಲ್ಮ್ ಕಲಿಯುವವರು ಈಗಲೂ ಕೊಳ್ಳಬಹುದೇ?

ಆಟೋಫೋಕಸ್ ಇಲ್ಲ, ಆಟೋ ಎಕ್ಸ್‌ಪೋಷರ್ ಇಲ್ಲ, ಸೆಲ್ಫ್ ಟೈಮರ್ ಕೂಡ ಇಲ್ಲ. 1976ರಲ್ಲಿ ಬಂದ ಫಿಲ್ಮ್ ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000 ತಯಾರಿಕೆ ನಿಂತ 1997ರವರೆಗೂ ಹೆಚ್ಚುಕಡಿಮೆ ಹೀಗೇ ಉಳಿಯಿತು. ಫೋಟೊಗ್ರಫಿ ಮೇಷ್ಟ್ರುಗಳು ವಿದ್ಯಾರ್ಥಿಗಳಿಗೆ ಇದನ್ನೇ ಹೇಳುವ ರೂಢಿಯೂ ಉಳಿಯಿತು. ಕಾರಣ ಸರಳ. ಚಿತ್ರ ತೆಗೆಯುವಾಗ ತಿರುಗಿಸಬೇಕಾದ್ದು ಮೂರೇ: ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು), ಶಟರ್ (ಫಿಲ್ಮಿಗೆ ಬೆಳಕು ಬೀಳುವ ಹೊತ್ತು), ಫೋಕಸ್. ಫ್ರೇಮ್ ಕೆಟ್ಟರೆ ತಪ್ಪನ್ನು ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ.

ಮೊದಲು ಅರ್ಥ ಮಾಡಿಕೊಳ್ಳಬೇಕಾದ್ದು ಬೆಳಕು ಅಳೆಯುವ ಇದರ ಮೀಟರನ್ನು. ವ್ಯೂಫೈಂಡರಿನ ಬಲಗಡೆ ಒಂದು ಮುಳ್ಳಿದೆ. ಮೇಲೇರಿದರೆ ಬೆಳಕು ಜಾಸ್ತಿ, ಕೆಳಗಿಳಿದರೆ ಕಡಿಮೆ, ನಡುವೆ ನಿಂತರೆ ಸರಿ. ಆದರೆ ಅದು ಇಡೀ ಚೌಕಟ್ಟಿನ ಬೆಳಕನ್ನು ಸರಾಸರಿ ಮಾಡುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಿಸಿಲಿಗೆ ಬೆನ್ನು ಮಾಡಿ ಕೂತ ಹೂವಿನವರ ಚಿತ್ರ ತೆಗೆದರೆ ಮುಳ್ಳು ನಡುವೆಯೇ ನಿಂತಿರುತ್ತದೆ, ಮುಖ ಮಾತ್ರ ಕಪ್ಪು. ಇದಕ್ಕೆ ಮದ್ದು: ಹತ್ತಿರ ಹೋಗಿ, ಮುಖ ಚೌಕಟ್ಟು ತುಂಬುವಂತೆ ಹಿಡಿದು ಅಳೆಯಿರಿ. ಹಿಂದೆ ಬಂದ ಮೇಲೆ ಮುಳ್ಳು ಎಲ್ಲಿಗೆ ಓಡಿದರೂ ಸೆಟ್ಟಿಂಗ್ ಮುಟ್ಟಬೇಡಿ. ಹತ್ತಿರ ಹೋಗಲು ಸಂಕೋಚವಾದರೆ ನಿಮ್ಮ ಅಂಗೈಯನ್ನು ಅಂಥದೇ ನೆರಳಿನಲ್ಲಿ ಹಿಡಿದು ಅಳೆದು, ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚು ತೆರೆಯಿರಿ. ಅಂಗೈ ಮಧ್ಯಮ ಬೂದು ಬಣ್ಣಕ್ಕಿಂತ ಸುಮಾರು ಅಷ್ಟು ತಿಳಿ.

ಮೀಟರಿಗೆ ಆನ್-ಆಫ್ ಸ್ವಿಚ್ ಇಲ್ಲ. ಲೆನ್ಸ್ ಮೇಲೆ ಬೆಳಕು ಬೀಳುವಷ್ಟು ಹೊತ್ತೂ ಅದು ಕರೆಂಟು ಎಳೆಯುತ್ತಲೇ ಇರುತ್ತದೆ; ಹಾಗಾಗಿ ಕ್ಯಾಪ್ ಹಾಕಿಡುವುದೇ ಸ್ವಿಚ್. ಬೇಕಾದ್ದು ಒಂದು ಎಲ್‌ಆರ್44 ಸೆಲ್, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಸೆಲ್ ಸತ್ತರೆ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ಓಡುತ್ತದೆ. ನೆತ್ತಿಯ ಮೇಲಿನ ಬಿಸಿಲಿಗೆ ಐಎಸ್‌ಒ (ಫಿಲ್ಮ್ ಬೆಳಕು ಹಿಡಿಯುವ ವೇಗ) 400ರ ಫಿಲ್ಮಿನಲ್ಲಿ ಎಫ್16, 1/500 ಸೆಕೆಂಡ್ ಇಟ್ಟುಕೊಂಡರೆ ಸಾಕು.

ಮೊದಲ ರೋಲ್ ಹಾಳಾಗುವುದು ಬಹುಮಟ್ಟಿಗೆ ಲೋಡಿಂಗ್‌ನಲ್ಲಿ. ಫಿಲ್ಮಿನ ತುದಿಯನ್ನು ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡೂ ಅಂಚಿನ ತೂತುಗಳು ಹಲ್ಲುಗಳಿಗೆ ಕೂತ ಮೇಲೆಯೇ ಹಿಂಬಾಗಿಲು ಮುಚ್ಚಿ. ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯಿರಿ. ಇನ್ನು ಪ್ರತಿ ಸಲ ಲಿವರ್ ಎಳೆದಾಗಲೂ ಆ ಹಿಡಿ ತಾನಾಗಿ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಹಿಡಿದಿಲ್ಲ; ಕೌಂಟರ್ ಮಾತ್ರ ಸುಮ್ಮನೆ 36ರ ತನಕ ಓಡುತ್ತದೆ. ಫಿಲ್ಮಿನ ವೇಗ ತಿಳಿಸುವ, ಡಬ್ಬಿಯ ಮೇಲಿನ ಡಿಎಕ್ಸ್ ಕೋಡನ್ನು ಈ ಕ್ಯಾಮೆರಾ ಓದುವುದಿಲ್ಲ. ಶಟರ್ ಡಯಲಿನ ಹೊರಬಳೆಯನ್ನು ಎತ್ತಿ ತಿರುಗಿಸಿ ಐಎಸ್‌ಒ ನೀವೇ ಇಡಬೇಕು.

ಫಿಲ್ಮ್ ಯಾವುದು? ಮೊದಲ ಐದಾರು ರೋಲ್ ಕಪ್ಪು-ಬಿಳುಪಿನ ಇಲ್ಫೋರ್ಡ್ ಎಚ್‌ಪಿ5 ಪ್ಲಸ್ ಒಂದರಲ್ಲೇ ಮುಗಿಸಿ, ಬಣ್ಣದ ಆಸೆ ಆಮೇಲೆ. ಒಂದೇ ದೃಶ್ಯವನ್ನು ಮೀಟರ್ ಹೇಳಿದಂತೆ, ಎರಡು ಸ್ಟಾಪ್ ಕಡಿಮೆ, ಎರಡು ಸ್ಟಾಪ್ ಜಾಸ್ತಿ ಮಾಡಿ ಮೂರು ಸಲ ತೆಗೆದು ಚೀಟಿಯಲ್ಲಿ ಬರೆದಿಡಿ. ಜಾಸ್ತಿಯಾದದ್ದನ್ನು ಪ್ರಿಂಟಿನಲ್ಲಿ ಉಳಿಸಿಕೊಳ್ಳಬಹುದು. ಕಡಿಮೆಯಾದದ್ದರ ನೆರಳುಗಳಲ್ಲಿ ನೆಗೆಟಿವ್ ಬರೀ ಪಾರದರ್ಶಕ. ಇಲ್ಲದ್ದನ್ನು ಯಾವ ಲ್ಯಾಬೂ ತರಲಾರದು.

ಶೈಲಿಯ ಮಾತಿಗೆ ಬಂದರೆ ಜೊತೆಗೆ ಬರುವ 50 ಎಂಎಂ ಎಫ್2 ಲೆನ್ಸ್ ಧಾರಾಳ ಸಾಕು. ಬೀದಿ ಚಿತ್ರಕ್ಕೆ ಎಫ್11 ಇಟ್ಟು ಫೋಕಸ್ 5 ಮೀಟರಿಗೆ ನಿಲ್ಲಿಸಿ. 3ರಿಂದ ಸುಮಾರು 14 ಮೀಟರ್ ತನಕ ಎಲ್ಲವೂ ಸ್ಪಷ್ಟ, ರಿಂಗ್ ಮುಟ್ಟಬೇಕಿಲ್ಲ. ಓಡುವ ಸೈಕಲ್ಲಿಗೆ 1/30, ಕ್ಯಾಮೆರಾ ಅದರ ಜೊತೆಗೇ ತಿರುಗಲಿ. ಪೋರ್ಟ್ರೇಟ್‌ಗೆ ಎಫ್2.8, ಫೋಕಸ್ ಹತ್ತಿರದ ಕಣ್ಣಿನ ಮೇಲೆ. ಇಲ್ಲಿ ಒಂದು ತಕರಾರು: ಡೆಪ್ತ್ ಆಫ್ ಫೀಲ್ಡ್ (ಎಲ್ಲಿಂದ ಎಲ್ಲಿಯತನಕ ಸ್ಪಷ್ಟ) ಎಷ್ಟೆಂದು ನೋಡುವ ಗುಂಡಿ ಇಲ್ಲ, ಫೋಕಸ್ ಪರದೆಯಲ್ಲಿ ಸ್ಪ್ಲಿಟ್ ಇಮೇಜ್ (ಫೋಕಸ್ ತಪ್ಪಿದರೆ ಚಿತ್ರ ಎರಡು ತುಂಡಾಗಿ ಕಾಣುವ ಗುರುತು) ಇಲ್ಲ. ಮಂದ ಬೆಳಕಿನಲ್ಲಿ ಫೋಕಸ್ ತಪ್ಪಿದರೆ ಮಿನುಗುವ ನಡುವಿನ ಮೈಕ್ರೋಪ್ರಿಸಂ ಕಣ್ಣಿಗೆ ಕೆಲಸ ಕೊಡುತ್ತದೆ.

ಮನೆಯಲ್ಲೇ ತೊಳೆಯುವವರಿಗೆ: ಐಡಿ-11 ಡೆವಲಪರಿನ ಸ್ಟಾಕಿನಲ್ಲಿ (ಮತ್ತೆ ನೀರು ಬೆರೆಸದ ದ್ರಾವಣ) ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. ಬೇಸಿಗೆಯಲ್ಲಿ ಕರಾವಳಿಯ ನಲ್ಲಿ ನೀರು 28 ದಾಟುತ್ತದೆ. ಅದರಲ್ಲೇ ಹಾಕಿದರೆ ಸಮಯ 5 ನಿಮಿಷಕ್ಕಿಂತ ಕೆಳಗಿಳಿದು ಆಕಾಶದಲ್ಲಿ ಪಟ್ಟೆ ಪಟ್ಟೆ ಬರುತ್ತದೆ. ಡೆವಲಪರ್ ಬಾಟಲಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಕೂರಿಸಿ 20ಕ್ಕೆ ತನ್ನಿ. ಇಲ್ಲವೇ 1+1, ಅಂದರೆ ಸಮಪಾಲು ನೀರು ಬೆರೆಸಿ: 20 ಡಿಗ್ರಿಗೆ 13 ನಿಮಿಷ ಸಿಗುವುದರಿಂದ, ನೀರು ಎರಡು ಡಿಗ್ರಿ ಬೆಚ್ಚಗಿದ್ದು ಸಮಯ ಕಡಿಮೆ ಮಾಡಬೇಕಾದರೂ ತೊಂದರೆಯಿಲ್ಲ.

ಬೆಲೆಯ ವಿಚಾರದಲ್ಲಿ ನಮ್ಮ ಮಾತು ಖಾರವೇ. ಹೆಸರಿಗೇ ಮಾರುಕಟ್ಟೆಯಲ್ಲಿ ದುಡ್ಡು ಬೀಳುತ್ತಿದೆ. ಅದೇ ದರಕ್ಕೆ ಒಳ್ಳೆಯ ಪೆಂಟ್ಯಾಕ್ಸ್ ಕೆಎಂ ಸಿಕ್ಕರೆ ಅದನ್ನೇ ತಗೊಳ್ಳಿ: ಇದೇ ಮೈಕಟ್ಟು, ಸೆಲ್ಫ್ ಟೈಮರ್ ಮತ್ತು ಡೆಪ್ತ್ ನೋಡುವ ಗುಂಡಿ ಹೆಚ್ಚುವರಿ. ಕೆ1000 ಕೊಳ್ಳುವುದಾದರೆ ಜಪಾನಿನಲ್ಲಿ ತಯಾರಾದದ್ದು ಹುಡುಕಿ; ಕೊನೆಯ ವರ್ಷಗಳ ಚೀನಾ ತಯಾರಿಕೆಯಲ್ಲಿ ಲೋಹದ ಬದಲು ಪ್ಲಾಸ್ಟಿಕ್ ಭಾಗಗಳು ಹೆಚ್ಚು.

ಹಣ ಎಣಿಸುವ ಮುನ್ನ ಲೆನ್ಸ್ ಕಳಚಿ, ಹಿಂಬಾಗಿಲು ತೆರೆದು, ಬಿಳಿ ಗೋಡೆ ನೋಡುತ್ತಾ 1/1000ದಲ್ಲಿ ಕ್ಲಿಕ್ ಮಾಡಿ. ಕಿಂಡಿಯ ಒಂದು ಪಕ್ಕ ಕತ್ತಲಾದರೆ ಶಟರಿನ ಎರಡನೇ ಪರದೆ ಮೊದಲನೆಯದನ್ನು ಹಿಂದಿಕ್ಕುತ್ತಿದೆ, ಸರ್ವಿಸ್ ಆಗಬೇಕು. ಬಟ್ಟೆಯ ಪರದೆಗೆ ಟಾರ್ಚ್ ಹಿಡಿದು ಸೂಜಿತೂತು ಇದೆಯೇ ನೋಡಿ. ಬಾಗಿಲಿನ ಅಂಚಿನ ಸ್ಪಾಂಜ್ ಬೆರಳಿಗೆ ಟಾರಿನಂತೆ ಅಂಟಿದರೆ ಗಾಬರಿ ಬೇಡ, ಅಗ್ಗದಲ್ಲಿ ಬದಲಾಯಿಸಬಹುದು. ಅಲ್ಲಿಯತನಕ ಫಿಲ್ಮಿಗೆ ಬೆಳಕು ಸೋರುತ್ತದೆ, ಅಷ್ಟೇ. ಸೆಲ್ ಕೂರುವ ಗುಂಡಿಯಲ್ಲಿ ಹಸಿರು ಕಿಲುಬು ಕಂಡರೆ ಮೀಟರ್ ಅನುಮಾನ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟಾಗ ಜೇಡರಬಲೆಯಂಥ ಎಳೆಗಳು ಕಂಡರೆ ಫಂಗಸ್. ಮಲೆನಾಡು, ಕರಾವಳಿಯ ಕ್ಯಾಮೆರಾಗಳಲ್ಲಿ ಇದನ್ನು ಎರಡೆರಡು ಸಲ ನೋಡಿ. ಕೊಂಡ ಮೇಲೆ ಮಳೆಗಾಲದಲ್ಲಿ ಚರ್ಮದ ಕೇಸಿನೊಳಗೆ ಮಾತ್ರ ಇಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಶಟರ್ ಲಿವರ್ ಎಳೆಯದೆ. ಇದಕ್ಕೆ ಶಟರ್ ಲಾಕ್ ಕೂಡ ಇಲ್ಲ.